ಒಲೆಯ ಮುಂದಿನ ಉಸಿರು

ಉರ್ದುವಿನಲ್ಲಿ ‘ದಮಾ’, ಕನ್ನಡದಲ್ಲಿ ‘ದಮ್ಮು’. ಎರಡೂ ಭಾಷೆ ಆಡುವ ನಮ್ಮ ಮನೆಗಳಲ್ಲಿ ಈ ಮಾತು ಬಂದರೆ ಗಂಡಸರ ಬೀಡಿ ನೆನಪಾಗುತ್ತದೆಯೇ ಹೊರತು ಹೆಂಗಸರ ಒಲೆ ನೆನಪಾಗುವುದಿಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದ ನಮ್ಮ ಖಾಲಾ ಏದುಸಿರು ಬಿಡುತ್ತಿದ್ದಾಗ ಬಂಧುಗಳು ‘ವಯಸ್ಸಾಯಿತಲ್ಲ’ ಎಂದರು. ವೈದ್ಯರು ‘ಬೀಡಿ ಸೇದುತ್ತೀರಾ?’ ಎಂದು ಕೇಳಿದರು. ಖಾಲಾ ಇಲ್ಲವೆಂದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ಆಮೇಲೆ ಎದೆಯ ಸಿ.ಟಿ. ಸ್ಕ್ಯಾನ್ ಆಯಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ತೋರಿಸಿದ ಈ ವಿದ್ಯೆ 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ನೊಬೆಲ್ ತಂದಿತು. ಈಗ ರೋಗಿ ಕೆಲವು ಸೆಕೆಂಡು ಉಸಿರು ಹಿಡಿದರೆ ಸಾಕು. ಯಂತ್ರ ಎದೆಯನ್ನು ಸುಮಾರು ಒಂದು ಮಿಲಿಮೀಟರಿನ ಪದರಗಳಾಗಿ ಸೆರೆಹಿಡಿಯುತ್ತದೆ, ಕಂಪ್ಯೂಟರ್ ಅವನ್ನು ಜೋಡಿಸುತ್ತದೆ. ತಲೆಕೆಳಗಾದ ಮರದಂತೆ ಕವಲೊಡೆದ ಶ್ವಾಸನಾಳಗಳು ತೆರೆಯ ಮೇಲೆ ಮೂಡುತ್ತವೆ. ಅವುಗಳ ಒಳಗೇ ಸಾಗಿದಂತೆ, ಎಲ್ಲಿ ದಾರಿ ಕಿರಿದಾಗಿದೆ, ಎಲ್ಲಿ ಗೋಡೆ ದಪ್ಪವಾಗಿದೆ ಎಂದು ನೋಡಬಹುದು. ಬ್ರಾಂಕೋಸ್ಕೋಪಿನ ಕೊಳವೆ ದಾಟಲಾರದ ಅಡ್ಡಿಯ ಆಚೆಗೂ ಈ ನೋಟ ಹೋಗುತ್ತದೆ.

ಆದರೆ ಕಂಡದ್ದು ಗಡ್ಡೆಯೋ ಅಂಟಿಕೊಂಡ ಕಫವೋ ಎಂದು ಕೆಲವೊಮ್ಮೆ ಚಿತ್ರ ಹೇಳಲಾರದು. ಚೂರು ತೆಗೆದು ಪರೀಕ್ಷಿಸಲು ಕೊಳವೆಯೇ ಬೇಕು. ನಮ್ಮ ಶ್ವಾಸನಾಳ ಸುಮಾರು 23 ಬಾರಿ ಕವಲೊಡೆಯುತ್ತದೆ. ಎರಡು ಮಿಲಿಮೀಟರಿಗಿಂತ ಸಣ್ಣ ಕವಲುಗಳು ಸಾಮಾನ್ಯ ಸ್ಕ್ಯಾನಿನಲ್ಲಿ ನೇರವಾಗಿ ಕಾಣುವುದಿಲ್ಲ. ಹೊಗೆಯಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಮೊದಲು ಸದ್ದಿಲ್ಲದೆ ಕೂರುವುದು ಅಲ್ಲಿಯೇ. ಉಸಿರು ಹೊರಬಿಟ್ಟ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಒಳಗೇ ಸಿಕ್ಕಿಕೊಂಡ ಗಾಳಿಯಿಂದ ಆ ಕವಲುಗಳ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ.

ಅಷ್ಟಾದರೂ ಆ ಹೊಗೆ ಬೀಡಿಯದೋ ಒಲೆಯದೋ ಎಂದು ಯಂತ್ರ ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು. ಬಾಯಿಬಿಟ್ಟು ಹೇಳಲು ನಮ್ಮ ಹೆಂಗಸರಿಗೆ ಯಾರು ಕಲಿಸಿದ್ದಾರೆ? ಕಷ್ಟವನ್ನು ‘ಸಬರ್’ ಎಂದು ನುಂಗಿ, ಉಸಿರೆತ್ತದೆ ಬಾಳಿದವರನ್ನೇ ನಾವು ಒಳ್ಳೆಯವರೆಂದು ಹೊಗಳಿದ್ದೇವೆ. 2016ರ ಉಜ್ವಲಾ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸ್ ಬಂತು ನಿಜ. ಹಂಡೆಯ ಕೆಳಗೆ ಸೌದೆ ಇನ್ನೂ ಎಷ್ಟೋ ಮನೆಗಳಲ್ಲಿ ಉರಿಯುತ್ತಿದೆ.

ಎಲ್ಲರಿಗೂ ದುಬಾರಿ ಸ್ಕ್ಯಾನ್ ಬೇಕಾಗಿಲ್ಲ, ಅದರ ಕಿರಣಗಳನ್ನು ಸುಮ್ಮನೆ ಮೈಗೆ ತಗಲಿಸಿಕೊಳ್ಳಲೂ ಬಾರದು. ಯಂತ್ರವೊಂದಕ್ಕೆ ಜೋರಾಗಿ ಊದಿಸಿ ಉಸಿರನ್ನು ಅಳೆಯುವ ಸರಳ ಪರೀಕ್ಷೆಯಿದೆ. ಅದಕ್ಕೂ ಮೊದಲಿನ ಪರೀಕ್ಷೆಗೆ ಕಾಸೂ ಖರ್ಚಿಲ್ಲ: ‘ಅಮ್ಮಾ, ಎಷ್ಟು ವರ್ಷ ಒಲೆ ಊದಿದಿರಿ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಎದುರಿಗೆ ಕೂರುವುದು.