ನೂಲಿನ ಬೆಲೆ, ಬೆರಳಿನ ಬೆಲೆ

ಮಲೆನಾಡಿನ ಹೆಬ್ಬಾಗಿಲೆಂದು ಹೆಸರಾಗಿದ್ದರೂ ಶಿವಮೊಗ್ಗ ನಗರದ ಬೇಸಿಗೆ ಹಗುರವಾದುದೇನಲ್ಲ. ಮಾರ್ಚ್ ಕಳೆದು ಏಪ್ರಿಲ್ ಬರುವಷ್ಟರಲ್ಲಿ ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ ನಡೆಯುವವರು ನೆರಳನ್ನು ಹುಡುಕಿ ಹುಡುಕಿ ಹೆಜ್ಜೆಯಿಡುತ್ತಾರೆ. ಇಂತಹ ದಿನಗಳಲ್ಲಿ ಮನುಷ್ಯನ ಮೈ ಎರಡನ್ನು ಬೇಡುತ್ತದೆ: ಬಟ್ಟೆ ಹಗುರವಾಗಿರಬೇಕು, ಬಟ್ಟೆಗೂ ಮೈಗೂ ನಡುವೆ ಗಾಳಿಯಾಡುವಷ್ಟು ಸ್ಥಳವಿರಬೇಕು. ನಮ್ಮ ಹಿರಿಯರ ಪಂಚೆ, ಸೀರೆ, ಜುಬ್ಬಗಳು ಈ ಮರ್ಮವನ್ನು ಬಲ್ಲವು. ದೂರದ ಜಪಾನಿನ ಜನರು ಅದೇ ಮರ್ಮವನ್ನು ಕಿಮೋನೊ ಎಂಬ ಉಡುಪಿನಲ್ಲಿ ಕಂಡುಕೊಂಡರು.

ಆ ಭಾಷೆಯಲ್ಲಿ ಕಿಮೋನೊ ಎಂದರೆ ‘ಉಡುವ ವಸ್ತು’ ಎಂದಷ್ಟೇ ಅರ್ಥ. ನೇರವಾಗಿ ಕತ್ತರಿಸಿದ ಉದ್ದನೆಯ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಅದನ್ನು ಹೊಲಿಯುತ್ತಾರೆ. ಒಳಪದರವಿಲ್ಲದ ಹತ್ತಿಯ ಬೇಸಿಗೆ ಉಡುಪಿಗೆ ಯುಕಾತ ಎಂದು ಹೆಸರು; ಅದರ ಮೂಲ ಸ್ನಾನದ ಸಮಯದಲ್ಲಿ ತೊಡುತ್ತಿದ್ದ ಬಟ್ಟೆ. ಇಂದು ನಮ್ಮ ಕಾಲೇಜು ಹುಡುಗಿಯರು ಕಿಮೋನೊ ಎಂದು ಕರೆಯುವುದು ಇದರ ದೂರದ ಸಂಬಂಧಿಯನ್ನು. ಮುಂಭಾಗ ತೆರೆದ, ಅಗಲ ತೋಳಿನ, ಬೇರೆ ಉಡುಪಿನ ಮೇಲೆ ಸಡಿಲವಾಗಿ ಹಾಕಿಕೊಳ್ಳುವ ಒಂದು ಮೇಲಂಗಿ ಅದು. ಅದನ್ನು ಹತ್ತಿಯ ನೂಲಿನಲ್ಲಿ ಕ್ರೋಶಾ ಹೆಣಿಗೆಯಿಂದ ಮಾಡಿದರೆ ಬೇಸಿಗೆಗೆ ಅದರಷ್ಟು ಹಿತವಾದುದು ಇನ್ನೊಂದಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಪ್ರಿಯ ಓದುಗರೇ, ಕ್ರೋಶಾ ನಮಗೆ ಹೊಸತಲ್ಲ. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ರೇಡಿಯೋ, ಟಿ.ವಿ.ಗಳ ಮೇಲೆ ಹಾಸಿದ ಬಿಳಿಯ ಹೊದಿಕೆ, ಬಾಗಿಲಿನ ತೋರಣ, ಕೂಸಿನ ತಲೆಯ ಕುಲಾವಿ ಇವೆಲ್ಲ ಒಂದು ಕೊಕ್ಕೆಯ ಕಡ್ಡಿಯಿಂದ ಹುಟ್ಟಿದವು. ಫ್ರೆಂಚ್ ಭಾಷೆಯಲ್ಲಿ ಆ ಶಬ್ದದ ಅರ್ಥವೇ ಸಣ್ಣ ಕೊಕ್ಕೆ. ನಮ್ಮ ದೇವಾಲಯಗಳ ಬಲಿಪೀಠದ ವಸ್ತ್ರದ ಅಂಚಿನಲ್ಲಿ, ಗುರುಗಳ ಬಿಳಿಯ ನಿಲುವಂಗಿಯ ಕೆಳಗಂಚಿನಲ್ಲಿ ಇಂದಿಗೂ ಅದೇ ಹೆಣಿಗೆ ಕಾಣಸಿಗುತ್ತದೆ. ಬೇಸಿಗೆಯ ಭಾನುವಾರಗಳಂದು ಆ ಸಡಿಲವಾದ ನಿಲುವಂಗಿಯನ್ನು ತೊಟ್ಟು ಬಲಿಪೂಜೆ ಅರ್ಪಿಸುವಾಗ, ಅದರ ಅಂಚನ್ನು ಹೆಣೆದ ಕೈಗಳು ಯಾರವೋ ಎಂದು ಹಲವು ಬಾರಿ ಯೋಚಿಸಿದ್ದೇನೆ.

ಈ ಕೆಲಸದ ರೀತಿಯೇ ವಿಶಿಷ್ಟವಾದುದು. ಉಣ್ಣೆಯ ಸ್ವೆಟರ್ ಹೆಣೆಯುವಾಗ ಕಡ್ಡಿಯ ಮೇಲೆ ಹತ್ತಾರು ಕುಣಿಕೆಗಳು ಒಮ್ಮೆಗೇ ಜೀವಂತವಾಗಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚುತ್ತಾ ಹೋಗುತ್ತವೆ. ಸಾಮಾನ್ಯ ಕ್ರೋಶಾದಲ್ಲಿ ಒಂದೊಂದು ಹೊಲಿಗೆಯೂ ಅಲ್ಲಲ್ಲಿಗೆ ಮುಗಿಯುತ್ತದೆ, ಕೊಕ್ಕೆಯಲ್ಲಿ ಉಳಿಯುವುದು ಒಂದೇ ಕುಣಿಕೆ. ಮೊದಲು ಸರಪಳಿ, ಅದರ ಮೇಲೆ ಕಂಬ, ಎರಡು ಕಂಬಗಳ ನಡುವೆ ಮತ್ತೆ ಸರಪಳಿ. ಹೀಗೆ ತೆರಪುಗಳುಳ್ಳ ಜಾಲರಿ ಬೆಳೆಯುತ್ತದೆ. ನೂಲಿಗೆ ತಕ್ಕುದಕ್ಕಿಂತ ತುಸು ದಪ್ಪನೆಯ ಕಡ್ಡಿ ಹಿಡಿದರೆ ಹೆಣಿಗೆ ಬಿಗಿಯಾಗದೆ ಮೈಮೇಲೆ ಇಳಿಬೀಳುತ್ತದೆ. ಹತ್ತಿಯ ನೂಲಿಗೆ ಭಾರವಿದೆ. ಉಡುಪು ತನ್ನ ತೂಕಕ್ಕೇ ಕೆಳಗೆ ಜಗ್ಗಿ ಉದ್ದವಾಗುತ್ತದೆ. ಆದ್ದರಿಂದ ಅನುಭವವುಳ್ಳವರು ಮೊದಲು ಹತ್ತು ಸೆಂಟಿಮೀಟರಿನ ಒಂದು ಚೌಕವನ್ನು ಹೆಣೆದು, ಒಗೆದು, ತೂಗುಹಾಕಿ, ಒಣಗಿದ ಮೇಲೆ ಅಳೆದು, ಆನಂತರವೇ ಲೆಕ್ಕ ಹಾಕುತ್ತಾರೆ.

ಇಷ್ಟನ್ನೂ ನಾನು ಕಲಿತದ್ದು ಪುಸ್ತಕದಿಂದಲ್ಲ, ನವುಲೆಯ ಒಬ್ಬ ತಾಯಿಯಿಂದ. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಚೂಡಿದಾರಗಳನ್ನು ಹೊಲಿದು ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು ಅವರು. ಪತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮನೆಭೇಟಿಗೆ ಹೋಗಿದ್ದಾಗ ಪ್ರಾರ್ಥನೆ ಮುಗಿದ ಬಳಿಕ ಒಂದು ಪುಟ್ಟ ಚೌಕವನ್ನು ನನ್ನ ಕೈಗಿತ್ತರು. ನಡುವೆ ಹೂವು, ಸುತ್ತ ಎಲೆಗಳು. ಸಮೀಪದ ಕೊಠಡಿಯೊಂದರಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿನಿಯೊಬ್ಬಳು ಇಂತಹ ಹೂಗಳಿಂದ ಕೂಡಿದ ಕಿಮೋನೊ ಬೇಕೆಂದು ಚಿತ್ರ ತೋರಿಸಿ ಹೋಗಿದ್ದಳಂತೆ.

“ಫಾದರ್, ಆ ಹುಡುಗಿ ಸಾವಿರದ ಐನೂರು ಕೊಡ್ತೀನಿ ಆಂಟಿ ಅಂತಾಳೆ. ಅಂಗಡಿಯಲ್ಲಿ ಅಷ್ಟಕ್ಕೇ ಸಿಗುತ್ತಂತೆ. ಒಪ್ಪಿಕೊಳ್ಳಲಾ? ಮಗಳ ಫೀಸಿಗೆ ಅಷ್ಟಾದರೂ ಆಗುತ್ತೆ,” ಎಂದರು.

“ಒಂದು ಚೌಕಕ್ಕೆ ಎಷ್ಟು ಹೊತ್ತು ಹಿಡಿಯಿತಮ್ಮಾ?” ಎಂದು ಕೇಳಿದೆ.

“ನಲವತ್ತು ನಿಮಿಷ ಆಯ್ತು ಫಾದರ್.”

ನಾವಿಬ್ಬರೂ ಮಗಳ ನೋಟ್‌ಪುಸ್ತಕದ ಒಂದು ಹಾಳೆಯಲ್ಲಿ ಲೆಕ್ಕ ಬರೆದೆವು. ಬೆನ್ನು, ಎರಡು ಮುಂಭಾಗ, ಎರಡು ಅಗಲ ತೋಳು ಎಲ್ಲ ಸೇರಿ 130 ಚೌಕಗಳು. ಅಂಚು ಕಟ್ಟುವ ಕೆಲಸವೂ ಸೇರಿದರೆ ಸುಮಾರು 90 ಗಂಟೆಗಳು. ನೂಲಿಗೆ 600 ರೂಪಾಯಿ. ಉಳಿಯುವುದು 900. ತೊಂಬತ್ತು ಗಂಟೆಗೆ ಒಂಬೈನೂರು ರೂಪಾಯಿ, ಎಂದರೆ ಗಂಟೆಗೆ ಹತ್ತು. ಅವರು ಹಾಳೆಯನ್ನೇ ನೋಡುತ್ತಾ ಸುಮ್ಮನೆ ಕುಳಿತರು. ನಂತರ, “ರವಿಕೆ ಹೊಲಿದರೆ ಖರ್ಚು ಕಳೆದು ಗಂಟೆಗೆ ಅರವತ್ತು ಉಳಿಯುತ್ತೆ. ಇದು ರಾತ್ರಿ ಕೂತು ಮಾಡೋ ಕೆಲಸ ಅಲ್ವಾ, ಅದಕ್ಕೇ ಲೆಕ್ಕ ಹಾಕಿರಲಿಲ್ಲ,” ಎಂದರು.

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ರಾತ್ರಿ ಕುಳಿತು ಮಾಡುವ ಕೆಲಸಕ್ಕೆ ಲೆಕ್ಕವಿಲ್ಲ! ಈ ಮಾತಿನ ಹಿಂದೆ ಒಂದು ದೀರ್ಘ ಇತಿಹಾಸವಿದೆ.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ತಲೆದೋರಿತು. ಲಕ್ಷಾಂತರ ಜನರು ಸತ್ತರು, ಲಕ್ಷಾಂತರ ಜನರು ಹಡಗೇರಿ ಹೊರಟರು. ಆಗ ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್ ಎಂಬಲ್ಲಿನ ಉರ್ಸುಲಾ ಸಭೆಯ ಧರ್ಮಭಗಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಪತ್ನಿ ಕ್ಯಾಸಂಡ್ರಾ ಹ್ಯಾಂಡ್ 1847ರಲ್ಲಿ ಅದೇ ಕೆಲಸಕ್ಕೆ ಮುಂದಾದರು. ವೆನಿಸ್ ನಗರದ ದುಬಾರಿ ಲೇಸನ್ನು ಹೋಲುವ ವಸ್ತುವನ್ನು ಕೊಕ್ಕೆಯಿಂದ ಬೇಗನೆ ಮಾಡಬಹುದಾಗಿತ್ತು. ಅದನ್ನು ತೊಟ್ಟವರು ದೊಡ್ಡ ನಗರಗಳ ಶ್ರೀಮಂತ ಮಹಿಳೆಯರು. ಅದರಿಂದ ಹೊಟ್ಟೆ ತುಂಬಿಸಿಕೊಂಡವರು ಹಸಿದ ಹಳ್ಳಿಯ ಹುಡುಗಿಯರು.

ನಮ್ಮ ನೆರೆಯ ಆಂಧ್ರಪ್ರದೇಶದ ಗೋದಾವರಿ ಮುಖಜಭೂಮಿಯ ನರಸಾಪುರಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕವೇ ಈ ವಿದ್ಯೆ ಬಂದಿತು. ಅಲ್ಲಿಯ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಯ ಸ್ತ್ರೀಯರ ನಡುವೆ ಅಧ್ಯಯನ ನಡೆಸಿ 1982ರಲ್ಲಿ ಪ್ರಕಟಿಸಿದ ಗ್ರಂಥ ಬೇರೊಂದು ಮುಖವನ್ನು ತೋರಿಸಿತು. ವಿದೇಶಗಳಿಗೆ ರಫ್ತಾಗುತ್ತಿದ್ದ ಲೇಸನ್ನು ಹೆಣೆದವರಿಗೆ ಸಿಗುತ್ತಿದ್ದ ಸಂಪಾದನೆ ಕೃಷಿ ಕೂಲಿಗೆ ನಿಗದಿಯಾಗಿದ್ದ ಕನಿಷ್ಠ ವೇತನಕ್ಕಿಂತ ಬಹಳ ಕಡಿಮೆಯಿತ್ತು. ಅದಕ್ಕೆ ಕೊಡಲಾಗುತ್ತಿದ್ದ ಸಮರ್ಥನೆ ಸರಳವಾಗಿತ್ತು: ಅವರು ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಕುಳಿತು ಮಾಡುತ್ತಾರೆ. ದಿನಕ್ಕೆ ಹಲವು ಗಂಟೆಗಳ ದುಡಿಮೆಗೆ ಬಿಡುವು ಎಂಬ ಹೆಸರಿಟ್ಟ ಕೂಡಲೇ ಅದು ದುಡಿಮೆಯಾಗಿ ಉಳಿಯಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ನಾವು ತಿಳಿದಿರಬೇಕು. ಬಟ್ಟೆ ನೇಯಲು ಯಂತ್ರವಿದೆ, ಸ್ವೆಟರ್ ಹೆಣೆಯಲು ಯಂತ್ರವಿದೆ. ಆದರೆ ನಿಜವಾದ ಕ್ರೋಶಾವನ್ನು ಹೆಣೆದು ಮಾರುಕಟ್ಟೆಗೆ ತುಂಬುವ ಯಂತ್ರ ಇನ್ನೂ ಬಂದಿಲ್ಲ. ಯಂತ್ರದಿಂದ ಬರುವುದು ಅದರಂತೆ ಕಾಣುವ ಬೇರೆ ಹೆಣಿಗೆ. ಹೀಗಾಗಿ ಅಂಗಡಿಯಲ್ಲಿ ತೂಗುಹಾಕಿರುವ ಅಸಲಿ ಕ್ರೋಶಾ ಉಡುಪು ಎಷ್ಟೇ ಅಗ್ಗವಾಗಿರಲಿ, ಅದರ ಒಂದೊಂದು ಕುಣಿಕೆಯೂ ಯಾರದೋ ಬೆರಳಿನಿಂದ ಬಂದುದು. ಬೆಲೆ ತೀರ ಕಡಿಮೆಯಾಗಿದ್ದರೆ, ಕಡಿಮೆಯಾದದ್ದು ಆ ಬೆರಳುಗಳ ಪಾಲೇ ಆಗಿರುವ ಸಂಭವ ಹೆಚ್ಚು.

ಕೂಲಿಯ ಪ್ರಶ್ನೆ ಧರ್ಮಸಭೆಗೆ ಹೊರಗಿನದಲ್ಲ. ಜಗದ್ಗುರು ಹದಿಮೂರನೆಯ ಲಿಯೋರವರು 1891ರ ಮೇ 15ರಂದು ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ಒಂದು ಸೂಕ್ಷ್ಮವಾದ ಅಂಶವನ್ನು ಎತ್ತಿ ಹೇಳಿದರು. ಬಡತನಕ್ಕೆ ಅಂಜಿ ಕೆಲಸಗಾರನು ಒಪ್ಪಿಕೊಂಡನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗದು; ಒಪ್ಪಂದಕ್ಕಿಂತ ಮೇಲಿನ ಒಂದು ನ್ಯಾಯವಿದೆ ಎಂಬುದು ಅವರ ಬೋಧನೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ಈ ವಿಶ್ವಪತ್ರವನ್ನೇ ನೆನಪಿಸಿದರು. ನವುಲೆಯ ಆ ತಾಯಿ ಕೇಳಿದ್ದೂ ಇದೇ ಪ್ರಶ್ನೆಯನ್ನು: ಒಪ್ಪಿಕೊಳ್ಳಲಾ? ಅವರು ಒಪ್ಪಿಕೊಂಡುಬಿಡುತ್ತಿದ್ದರು. ಮಗಳ ಫೀಸಿನ ದಿನ ಹತ್ತಿರವಾಗಿತ್ತು.

ಬೆಲೆಯನ್ನು ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಗಂಟೆಗೆ ಅರವತ್ತರಂತೆ, ನೂಲಿನ ಖರ್ಚನ್ನೂ ಸೇರಿಸಿ, 6,000 ರೂಪಾಯಿ ಎಂದು ಅವರೇ ಬರೆದರು. ಬರೆದು ತಾವೇ ಬೆಚ್ಚಿದರು. ಮರುದಿನ ಹುಡುಗಿ ಬಂದಾಗ ಆ ಹಾಳೆಯನ್ನೇ ಅವಳ ಮುಂದಿಟ್ಟರಂತೆ. ಹುಡುಗಿ ಒಳ್ಳೆಯವಳು. ಅಂಗಡಿಯ ಬೆಲೆಯನ್ನು ಕೇಳಿದ್ದಳೇ ಹೊರತು ಗಂಟೆಗಳ ಲೆಕ್ಕವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. “ಅಷ್ಟು ನನ್ನ ಹತ್ರ ಇಲ್ಲ ಆಂಟಿ,” ಎಂದು ಎದ್ದಳಂತೆ. ಬಾಗಿಲಿನವರೆಗೆ ಹೋದವಳನ್ನು ತಾಯಿಯೇ ಕರೆದು, “ನಿನಗೆ ಹೂವು ಬೇಕಾ, ಸೆಕೆಗೆ ಹಾಕ್ಕೊಳ್ಳೋಕೆ ಬೇಕಾ?” ಎಂದು ಕೇಳಿದರು.

ಆ ಪ್ರಶ್ನೆಯೇ ದಾರಿ ತೆರೆಯಿತು. ಹೂವಿನ ಚೌಕಕ್ಕೆ ನಲವತ್ತು ನಿಮಿಷವಾದರೆ, ಅಷ್ಟೇ ಅಗಲದ ಸಾದಾ ಜಾಲರಿಗೆ ಹದಿನೈದು ನಿಮಿಷ. ತೋಳನ್ನು ಮೊಣಕೈಗೆ ನಿಲ್ಲಿಸಿದರೆ 110 ಚೌಕಗಳಷ್ಟು ಹೆಣಿಗೆ ಸಾಕು. ಅಂಚೂ ಸೇರಿ 30 ಗಂಟೆ. ನೂಲೂ ಅರ್ಧಕ್ಕೆ ಇಳಿದು 300 ರೂಪಾಯಿ. ಗಂಟೆಗೆ ಅದೇ ಅರವತ್ತು. ಒಟ್ಟು 2,100 ರೂಪಾಯಿ. ಹುಡುಗಿ ಎರಡು ಕಂತಿನಲ್ಲಿ ಕೊಡುವುದಾಗಿ ಒಪ್ಪಿ, ಹಾಗೆಯೇ ಕೊಟ್ಟಳು. ಕೆಲಸ ಕಡಿಮೆಯಾಯಿತು, ಕೂಲಿಯ ದರ ಕಡಿಮೆಯಾಗಲಿಲ್ಲ. ಬೇಸಿಗೆಗೆ ಹೂವಿಗಿಂತ ತೆರಪುಗಳೇ ಹಿತವಾದ್ದರಿಂದ ಉಡುಪು ಇನ್ನಷ್ಟು ಹಗುರವಾಯಿತು.

ಸೇವೆ ಬೇರೆ, ಕೂಲಿ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಯೊಪ್ಪ ಊರಿನ ತಬಿಥಾ ವಿಧವೆಯರಿಗಾಗಿ ಅಂಗಿಗಳನ್ನು ಮಾಡಿಕೊಟ್ಟಳೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವಳು ತೀರಿಕೊಂಡಾಗ ಆ ವಿಧವೆಯರು ಅಳುತ್ತಾ ಅಂಗಿಗಳನ್ನು ತೋರಿಸಿದರು. ಅದು ದಾನ, ಕೊಡುವವಳು ಮನಸಾರೆ ಕೊಟ್ಟದ್ದು. ಬಲಿಪೀಠದ ಅಂಚನ್ನು ಪ್ರೀತಿಯಿಂದ ಹೆಣೆದುಕೊಡುವ ತಾಯಂದಿರದೂ ಹಾಗೆಯೇ. ಆದರೆ ಕೊಡಬೇಕಾದ ಕೂಲಿಯನ್ನು ಕೊಡದೆ ಅದಕ್ಕೆ ಸೇವೆ, ಬಿಡುವು, ಹವ್ಯಾಸ ಎಂಬ ಸುಂದರ ಹೆಸರುಗಳನ್ನು ಹಚ್ಚುವುದು ದಾನವಲ್ಲ. ಕೂಲಿಯಾಳುಗಳಿಂದ ತಡೆಹಿಡಿದ ವೇತನ ದೇವರ ಸನ್ನಿಧಿಯಲ್ಲಿ ಕೂಗಿಕೊಳ್ಳುತ್ತದೆಂದು ಸಂತ ಯಕೋಬರು ಎಚ್ಚರಿಸಿರುವುದು ನಮಗೆ ತಿಳಿದೇ ಇದೆ.

ಈ ಬೇಸಿಗೆಯಲ್ಲಿ ನೀವು ಕೈಯಿಂದ ಮಾಡಿದ ಯಾವುದನ್ನಾದರೂ ಕೊಳ್ಳಲು ಹೋದಾಗ, ಬೆಲೆ ಎಷ್ಟು ಎಂದು ಕೇಳುವ ಮೊದಲು, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ ನೋಡಿ. ಮಾಡಿದವರ ಮುಖ ಅರಳುತ್ತದೆ. ಹೇಳುವ ಬೆಲೆಯನ್ನು ಕೊಡಲು ನಿಮ್ಮಲ್ಲಿ ಹಣವಿಲ್ಲದಿದ್ದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಸಣ್ಣದನ್ನು ಕೇಳಿ, ಸಾದಾ ಇರುವುದನ್ನು ಕೇಳಿ. ಅವರ ಗಂಟೆಯ ಬೆಲೆಯನ್ನು ಮಾತ್ರ ಇಳಿಸಬೇಡಿ.