ಸಾಕ್ಷಿ ಸಹಿ ನನ್ನದೇ

ಅಪ್ಪನ ನೇತ್ರದಾನದ ಅರ್ಜಿಗೆ ಸಾಕ್ಷಿಯಾಗಿ ಸಹಿ ಹಾಕಿದವನು ನಾನು. ಆ ಮಾತನ್ನು ನಡೆಸಿಕೊಡದವನೂ ನಾನೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ನಾಡಿನ ತುಂಬ ಜನ ಹೆಸರು ಬರೆಸಿದರಲ್ಲ, ಅವರಲ್ಲಿ ಅಪ್ಪನೂ ಒಬ್ಬರು. 2006ರಲ್ಲಿ ಪುನೀತ್ ತಂದೆ, ಅಣ್ಣಾವ್ರ ಕಣ್ಣು ಕೊಟ್ಟಾಗಲೇ ಬರೆಸಬೇಕಿತ್ತು ಎಂಬ ಕೊರಗು ಅವರಿಗೆ. ಎರಡು ಕಣ್ಣು ನಾಲ್ವರಿಗೆ ಹೇಗೆ ಸಾಲುತ್ತದೆ ಎಂದು ಕೇಳಿದವರಿಗೆಲ್ಲ ವಿವರಿಸುತ್ತಿದ್ದರು: ಕಾರ್ನಿಯಾದ ಮುಂಪದರ ಒಬ್ಬರಿಗೆ, ಹಿಂಪದರ ಇನ್ನೊಬ್ಬರಿಗೆ.

ಒಂದು ನಸುಕಿನಲ್ಲಿ ಅವರು ಮನೆಯಲ್ಲೇ ಹೋದರು. ತಂಗಿ ಫೋನಿನಲ್ಲಿ ಅಳುತ್ತಲೇ ಕೇಳಿದಳು: "ಅಣ್ಣಾ, ಕಣ್ಣಿನವರಿಗೆ ಹೇಳಿದ್ಯಾ?"

"ಶುಗರ್ ಇತ್ತು, ಪೊರೆ ಆಪರೇಷನ್ ಬೇರೆ ಆಗಿತ್ತು. ಆ ಕಣ್ಣು ಯಾರಿಗೆ ಬೇಕಮ್ಮ?" ಎಂದುಬಿಟ್ಟೆ.

ಬೇಡ ಎಂದು ನೆಂಟರ‍್ಯಾರೂ ತಡೆಯಲಿಲ್ಲ. ಮೂಢನಂಬಿಕೆಯೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ನನಗೆ ಗೊತ್ತಿದೆ ಎಂಬ ನನ್ನ ಧಿಮಾಕು. ತಿಥಿ ಮುಗಿದ ಮೇಲೆ ಪರಿಚಯದ ಕಣ್ಣಿನ ಡಾಕ್ಟರೊಬ್ಬರು ಸಿಕ್ಕಾಗ ಇದನ್ನೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಪೊರೆ ಆಪರೇಷನ್‌ನಲ್ಲಿ ಬದಲಾಗುವುದು ಒಳಗಿನ ಮಸೂರ, ದಾನಕ್ಕೆ ಬೇಕಾದದ್ದು ಮುಂದಿನ ಪಾರದರ್ಶಕ ಪಟಲ. ಸಕ್ಕರೆ ಕಾಯಿಲೆ, ವಯಸ್ಸು, ಕನ್ನಡಕ ಯಾವುದೂ ತಾನಾಗಿ ಅಡ್ಡಿಯಲ್ಲ. ಕಣ್ಣು ಆಗುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವುದು ಐ ಬ್ಯಾಂಕಿನವರ ಕೆಲಸ ಎಂದರು. ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು, ಅವರೇ ಮನೆಗೆ ಬರುತ್ತಾರೆ, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆ ತುಸು ಎತ್ತರಿಸಿದ್ದರೆ ಸಾಕು. ನಾನೋ, ಜನ ಸೇರಿದರೆಂದು ಫ್ಯಾನನ್ನು ಜೋರು ಮಾಡಿದ್ದೆ.

ಅಂಗಾಂಗಗಳ ವಿಷಯದಲ್ಲಿ ಇಷ್ಟೂ ಸಲೀಸಿಲ್ಲ. ಮನೆಯಲ್ಲಿ ಹೃದಯ ನಿಂತು ಸತ್ತವರ ಮೂತ್ರಪಿಂಡ, ಯಕೃತ್ತು ದಾನಕ್ಕೆ ಒದಗುವುದಿಲ್ಲ. ಆಸ್ಪತ್ರೆಯಲ್ಲಿ ಮೆದುಳು ನಿಷ್ಕ್ರಿಯವಾಗಿರಬೇಕು. 1994ರ ಕಾಯ್ದೆಯಂತೆ ವೈದ್ಯರ ತಂಡ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ವೆಂಟಿಲೇಟರಿನಲ್ಲಿ ಎದೆ ಇನ್ನೂ ಏರಿಳಿಯುತ್ತಿರುವಾಗಲೇ ಮನೆಯವರು ಹೂಂ ಎನ್ನಬೇಕು. 2021ರ ಜೂನ್‌ನಲ್ಲಿ ಬೈಕ್ ಅಪಘಾತವಾದಾಗ ನಟ ಸಂಚಾರಿ ವಿಜಯ್ ಅವರ ಮನೆಯವರು ಹಾಗೆ ಎಂದರು. ಫೋನ್ ಕೂಡ ಮಾಡದ ನಾನು ಆ ಜಾಗದಲ್ಲಿದ್ದಿದ್ದರೆ?

ರಾಜ್ಯದಲ್ಲಿ ಅಂಗಾಂಗ ದಾನವನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಕೇಂದ್ರದ ಅಂಗಾಂಗ ಕಸಿ ಸಂಸ್ಥೆ ನೊಟ್ಟೊದ ಜಾಲತಾಣದಲ್ಲಿ ಆಧಾರ್ ಇದ್ದರೆ ಮನೆಯಲ್ಲೇ ಕೂತು ಪ್ರತಿಜ್ಞೆ ದಾಖಲಿಸಬಹುದು. ನಾನೂ ದಾಖಲಿಸಿದೆ. ಆದರೆ ಹೆಸರು ಎಲ್ಲಿದ್ದರೂ, ಆ ಹೊತ್ತಿಗೆ ಡಾಕ್ಟರು ಕೇಳುವುದು ಮನೆಯವರನ್ನೇ. ಹಾಗಾಗಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಾತು ತೆಗೆದೆ. ಅಮ್ಮನಿಗೆ ಕಿಡ್ನಿ ಕೊಡಲು ಅಡ್ಡಿಯಿಲ್ಲ, ಹೃದಯ ಮಾತ್ರ ಬೇಡವಂತೆ. ಕಾರಣ ಕೇಳಿದರೆ "ಬೇಡ ಅಂದ್ರೆ ಬೇಡ" ಎನ್ನುತ್ತಾರೆ. ಹೆಂಡತಿಗೆ ಎಲ್ಲವೂ ಒಪ್ಪಿಗೆ, ಆದರೆ ಸಾಕ್ಷಿ ಬೇಕಾದ ಕಡೆಯಲ್ಲೆಲ್ಲ ತಂಗಿಯ ಸಹಿ ಹಾಕಿಸಿ ಎಂದಿದ್ದಾಳೆ. "ಅವಳಾದ್ರೆ ಫೋನ್ ಮಾಡ್ತಾಳೆ ರೀ."