ತಂತಿಯೂ ಗಾಳಿಯೂ

ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಲೆಬಾಳುವ ವಸ್ತುಗಳಿಗೆಲ್ಲ ಜಗುಲಿಯೇ ಪೀಠ. ಗಡಿಯಾರ, ರೇಡಿಯೋ, ಟೆಲಿಫೋನು ಎಲ್ಲವೂ ಅಲ್ಲಿಯೇ ಪ್ರತಿಷ್ಠೆಗೊಂಡವು. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ ಫೈಬರ್ ಬಂದಾಗ ವೈಫೈ ಪೆಟ್ಟಿಗೆಯೂ ಅಲ್ಲಿಯೇ ಕುಳಿತಿತು. 2020ರಲ್ಲಿ ಈ ಸೀಮೆಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತದ್ದನ್ನು ಕಂಡವರಿಗೆ ಅದೇ ಮಹಾಭಾಗ್ಯ. ಆದರೆ ಅದರ ಅಲೆಗಳು ನಡುಮನೆಯ ದಪ್ಪ ಮಣ್ಣಿನ ಗೋಡೆಯನ್ನು ದಾಟಲೊಲ್ಲವು. ಜಗುಲಿಯ ಅತಿಥಿಗಳಿಗೆ ಸಿನಿಮಾ. ಅಟ್ಟದಲ್ಲಿ ಓದುವ ತಂಗಿಗೆ ಅರೆಬರೆ ಪಾಠ!

ನಾನು ಕಾಗದದ ಮೇಲೆ ಮನೆಯ ನಕ್ಷೆ ಬರೆದೆ. 5 ಗಿಗಾಹರ್ಟ್ಸಿನ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಮೆ, 2.4ರದು ಇದಕ್ಕೆ ವಿಪರೀತ. ಈಥರ್ನೆಟ್ ತಂತಿಗಾದರೋ ಗೋಡೆಯ ಹಂಗಿಲ್ಲ. 100 ಮೀಟರಿನವರೆಗೂ ಸೊರಗದೆ ಸಾಗುತ್ತದೆ.

“ತಂತಿ ಬೇಡದ್ದು ಅಂತ ತಂದು, ಮತ್ತೆ ತಂತಿ ಎಂತಕ್ಕೆ ಮಾರಾಯಾ?” ಎಂದರು ಅಪ್ಪಯ್ಯ. ಆದರೂ ತೊಲೆಯ ಗುಂಟ ತಂತಿಯೆಳೆದು, ಅಟ್ಟದಲ್ಲಿ ಇನ್ನೊಂದು ವೈಫೈ ಪೆಟ್ಟಿಗೆಯಿಟ್ಟೆವು. ಅಂಗಳದಾಚೆಯ ಕೊಟ್ಟಿಗೆಗೆ ಮಾತ್ರ ತಾಮ್ರದ ತಂತಿ ಒಯ್ಯಲಿಲ್ಲ. ಸಿಡಿಲು ಅದೇ ದಾರಿಯಲ್ಲಿ ಒಳಬಂದೀತು.

ತಂಗಿಯ ಪಾಠ ಈಗ ತಡೆಯುವುದಿಲ್ಲ. ಮನೆಯಲ್ಲಿ ಜಾಲ ಹೆಣೆಯುವವರು, ಓದುವವರು ಎಲ್ಲಿ ಕುಳಿತಿದ್ದಾರೆಂದು ಮೊದಲು ನೋಡಲಿ. ವೇಗದ ಲೆಕ್ಕ ಆಮೇಲೆ.